ಕ್ಲಚ್ ಕೇಬಲ್ ತುಂಡಾದ ಮೇಲೆ: ಶಿರಾಡಿ ಘಾಟಿಯ ಒಂದು ಪ್ರಕರಣ

ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬಿಡಿಸುವ ಕ್ಲಚ್ ಒತ್ತದೆ ಕಾರಿನ ಗೇರು ಬದಲಿಸಬಹುದೇ ಎಂದು ಹಳೆಯ ಚಾಲಕರನ್ನು ಕೇಳಿದರೆ ಬಹುಪಾಲು ಮಂದಿ ಹೌದು ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಅದನ್ನು ನೆಚ್ಚಿ ರಸ್ತೆಗಿಳಿದವರಿಗೆ ನಿಜವಾದ ಕಷ್ಟ ಎದುರಾಗುವುದು ಕಾರನ್ನು ನಿಲ್ಲಿಸುವಾಗ, ನಿಂತ ಕಾರನ್ನು ಮತ್ತೆ ಹೊರಡಿಸುವಾಗ. ಘಟ್ಟದ ಕೆಳಗೆ ಗ್ಯಾರೇಜು ನಡೆಸುವ ನನ್ನಲ್ಲಿಗೆ ಬಂದ ಒಂದು ಕಾರಿನ ಕತೆ ಇದನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಒಂದೇ ಮಧ್ಯಾಹ್ನ, ಒಂದೇ ಕಾರು, ಒಂದೇ ದೋಷ. ಮೊದಲ ಹಂತದಲ್ಲಿ ಅದು ಯಾರಿಗೂ ಏನೂ ಆಗದಂತೆ ಘಾಟಿ ಇಳಿಯಿತು. ಎರಡನೆಯ ಹಂತದಲ್ಲಿ, ಬಹುತೇಕ ಸಮತಟ್ಟಾದ ರಸ್ತೆಯಲ್ಲಿ, ಗೇರ್‌ಬಾಕ್ಸ್ ಕೆಟ್ಟಿತು.

ಕಾರಿನಲ್ಲಿದ್ದವರು ಮೂವರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಉದ್ಯೋಗ ಯಾವುದೂ ಇಲ್ಲಿಲ್ಲ. ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಗೇರ್‌ಬಾಕ್ಸ್ ಬಿಚ್ಚಿದಾಗ ಕಂಡದ್ದನ್ನು ಮಾತ್ರ ಕಂಡಂತೆಯೇ ಬರೆದಿದ್ದೇನೆ.

ಹಿನ್ನೆಲೆ

ಕಾರು ಪೆಟ್ರೋಲ್ ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕ್, ಐದು ಗೇರು, ಕೇಬಲ್ಲಿನಿಂದ ಎಳೆಯುವ ಕ್ಲಚ್. ಓಡಿಸುತ್ತಿದ್ದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವರನ್ನು ಚಾಲಕಿ ಎಂದೇ ಕರೆಯುತ್ತೇನೆ. ಪಕ್ಕದ ಸೀಟಿನಲ್ಲಿ ಅವರ ಸೋದರಮಾವ. ಆಯುಷ್ಯದ ಬಹುಭಾಗ ಲಾರಿ ಓಡಿಸಿ ನಿವೃತ್ತರಾದವರು, ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಇಲ್ಲದ ಹಳೆಯ ಗೇರ್‌ಬಾಕ್ಸುಗಳನ್ನು ಡಬಲ್ ಕ್ಲಚ್ ಹಾಕಿ (ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತಿ, ನಡುವೆ ಎಂಜಿನ್ನಿನ ವೇಗ ಹೊಂದಿಸಿ) ಪಳಗಿಸಿದವರು. ಹಿಂದಿನ ಸೀಟಿನಲ್ಲಿ ಚಾಲಕಿಯ ತಾಯಿ. ಅವರ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಮಂಗಳೂರಿನಲ್ಲಿ ಅಂದು ಸಂಜೆ ವೈದ್ಯರು ಮರುತಪಾಸಣೆಗೆ ಸಮಯ ಕೊಟ್ಟಿದ್ದರು. ಈ ಸಂಜೆಯ ಸಮಯ ಮುಂದೆ ಎಲ್ಲ ನಿರ್ಧಾರಗಳನ್ನೂ ಹಿಂದಿನಿಂದ ನೂಕುತ್ತಲೇ ಇತ್ತು.

ಹಾಸನದಿಂದ ಸಕಲೇಶಪುರ, ದೋಣಿಗಾಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುವ ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರನ್ನೂ ಮಂಗಳೂರನ್ನೂ ಜೋಡಿಸುವ ಮುಖ್ಯ ದಾರಿ. ಬಂದರಿನ ಸರಕು, ಇಂಧನದ ಟ್ಯಾಂಕರು, ರಾತ್ರಿ ಬಸ್ಸು ಎಲ್ಲವೂ ಇದೇ ದಾರಿಯಲ್ಲಿ. 2015 ಮತ್ತು 2018ರಲ್ಲಿ ಹಂತ ಹಂತವಾಗಿ ಸಂಚಾರ ನಿಲ್ಲಿಸಿ ಘಾಟಿಗೆ ಕಾಂಕ್ರೀಟ್ ಹಾಕಿದ ಮೇಲೆ ಗುಂಡಿಗಳ ಕಾಟ ಕಡಿಮೆಯಾಯಿತು, ವಾಹನಗಳ ವೇಗ ಹೆಚ್ಚಿತು. ಕೆಟ್ಟು ನಿಂತ ಕಾರಿಗೆ ಅಲ್ಲಿ ಅಪಾಯ ಬರುವುದು ಆ ವೇಗದಿಂದಲೇ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಕ್ಲಚ್ ಪೆಡಲ್ ಕೆಲವು ವಾರಗಳಿಂದ ಗಡುಸಾಗಿತ್ತು. ಬೆಳಗ್ಗೆ ಮೊದಲ ಬಾರಿ ಒತ್ತುವಾಗ ಒಳಗೆ ಏನೋ ಕರಕರ ಎನ್ನುತ್ತಿತ್ತು. ಮುಂದಿನ ಸರ್ವೀಸಿನಲ್ಲಿ ಹೇಳೋಣ ಎಂದು ಚಾಲಕಿ ಬಿಟ್ಟಿದ್ದರು. ಕೇಬಲ್ ಎಂದರೆ ಹಲವು ಉಕ್ಕಿನ ಎಳೆಗಳನ್ನು ಹೊಸೆದ ಹಗ್ಗ. ಅದು ಒಮ್ಮೆಲೇ ತುಂಡಾಗುವುದು ಅಪರೂಪ. ಒಂದೊಂದೇ ಎಳೆ ಹರಿದು, ಹರಿದ ತುದಿಗಳು ಹೊರಕವಚದ ಒಳಗೋಡೆಯನ್ನು ಕೆರೆಯತೊಡಗುತ್ತವೆ. ಆ ಗಡಸುತನ, ಆ ಕರಕರ ಎರಡಕ್ಕೂ ಕಾರಣ ಅದೇ.

ಸಮಸ್ಯೆ

ಮಳೆಗಾಲದ ಕೊನೆಯ ದಿನಗಳು. ಮಧ್ಯಾಹ್ನ ಮೂರರ ಹೊತ್ತಿಗೆ ಮಾರನಹಳ್ಳಿ ದಾಟಿ ಇಳಿಯುತ್ತಿದ್ದಾಗ ಮುಂದೆ ಒಂದು ಟ್ಯಾಂಕರು ತೆವಳುತ್ತಿತ್ತು. ಮೂರನೇ ಗೇರಿನಲ್ಲಿದ್ದ ಕಾರನ್ನು ಎರಡಕ್ಕೆ ಇಳಿಸಲು ಚಾಲಕಿ ಕ್ಲಚ್ ಒತ್ತಿದರು. ಟಪ್ ಎಂದಿತು. ಪೆಡಲ್ ನೆಲಕ್ಕೆ ಬಿದ್ದು ಅಲ್ಲೇ ಉಳಿಯಿತು. ಅವರು ಬ್ರೇಕ್ ಹಾಕಿದರು, ಮೂರನೇ ಗೇರಿನಲ್ಲೇ ಕಾರು ನಡುಗುತ್ತ ನಿಂತು ಎಂಜಿನ್ ಆರಿತು. ಹಿಂದಿನಿಂದ ಬರುವವರಿಗೆ ತಿರುವು ದಾಟುವವರೆಗೂ ಕಾರು ಕಾಣದಂಥ ಜಾಗ ಅದು. ಮಂಜು ಬೇರೆ.

ಆ ಕ್ಷಣದಲ್ಲಿ ಚಾಲಕಿ ಮಾಡಿದ್ದು ಸರಿಯಾದ ಕೆಲಸ. ಕ್ಲಚ್ ಕೈಕೊಟ್ಟರೆ ಅನೇಕರು ಗಾಬರಿಯಿಂದ ಪೆಡಲನ್ನೇ ಮತ್ತೆ ಮತ್ತೆ ತುಳಿಯುತ್ತಾರೆ, ಇಲ್ಲವೇ ಗೇರು ಕೋಲಿನೊಂದಿಗೆ ಗುದ್ದಾಡುತ್ತಾರೆ, ಬ್ರೇಕ್ ಮರೆಯುತ್ತಾರೆ. ಗೇರಿನಲ್ಲಿರುವಾಗಲೇ ಬ್ರೇಕ್ ಹಾಕಿದರೆ ಎಂಜಿನ್ ಆರುತ್ತದೆ, ಕಾರು ಕುಲುಕುತ್ತದೆ, ಅಷ್ಟೆ. ಎಂಜಿನ್ ಆರಿದ ಮೇಲೂ, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ. ಅದನ್ನು ಪೋಲು ಮಾಡದೆ ಪೆಡಲನ್ನು ಒಮ್ಮೆಗೇ ಒತ್ತಿ ಹಿಡಿಯಬೇಕು. ಅವರು ಹಾಗೆಯೇ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕೂ ಇಂಡಿಕೇಟರುಗಳನ್ನು ಹೊತ್ತಿಸಿದರು. ಮಾವ ಡಿಕ್ಕಿಯಿಂದ ಕೆಂಪು ತ್ರಿಕೋನ ತೆಗೆದುಕೊಂಡು ತಿರುವಿನ ಹಿಂಬದಿಗೆ ನಡೆದು ಇಟ್ಟು ಬಂದರು. ತ್ರಿಕೋನವನ್ನು ಕಾರಿನ ಬೆನ್ನಿಗೇ ಇಡುವವರನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ತಿರುವಿರುವಲ್ಲಿ ಅದು ತಿರುವಿಗಿಂತ ಮೊದಲೇ ಕಾಣಬೇಕು.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಬಾನೆಟ್ ಎತ್ತಿ ನೋಡಿದಾಗ ಕೇಬಲ್ ಗೇರ್‌ಬಾಕ್ಸಿನ ಕಡೆಯ ತುದಿಯಲ್ಲಿ, ಕವಚದ ಒಳಗೇ ಹರಿದಿದ್ದು ತಿಳಿಯಿತು. ಮಾವನ ಕಾಲದ ಲಾರಿಗಳಲ್ಲಾದರೆ ತಂತಿ ಸುತ್ತಿ ಏನಾದರೂ ಮಾಡಬಹುದಿತ್ತೇನೋ. ಇಲ್ಲಿ ಹಿಡಿದೆಳೆಯಲು ತುದಿಯೇ ಉಳಿದಿರಲಿಲ್ಲ.

ಹಾಗಾಗಿ ಮೊದಲ ನಿರ್ಧಾರ: ಕಾಯುವುದೋ, ಕದಲುವುದೋ? ಕ್ಲಚ್ ಇಲ್ಲದ ಕಾರನ್ನು ಓಡಿಸಬಾರದು ಎಂಬುದು ಸಾಮಾನ್ಯವಾಗಿ ನಾನು ಹೇಳುವ ಮಾತು. ಈ ಜಾಗದಲ್ಲಿ ನಾನಿದ್ದರೂ ಕದಲುತ್ತಿದ್ದೆ. ಕುರುಡು ತಿರುವು, ಮಂಜು, ತುಂಬಿದ ಟ್ಯಾಂಕರುಗಳು, ಹಿಂದಿನ ಸೀಟಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹಿರಿಯರು. ಅಲ್ಲಿ ನಿಂತಿರುವುದೇ ಹೆಚ್ಚು ಅಪಾಯ. ಮುಂದಿನದು ಇಳಿಜಾರು ಎಂಬುದು ಅವರ ಪಾಲಿಗೆ ದೊಡ್ಡ ಅನುಕೂಲ. ಇದೇ ಕೇಬಲ್ ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಹತ್ತುವಾಗ ತುಂಡಾಗಿದ್ದರೆ ನಾನು ಬೇರೆಯೇ ಸಲಹೆ ಕೊಡುತ್ತಿದ್ದೆ. ಏರಿನಲ್ಲಿ ನಿಂತ ಕಾರನ್ನು ಕ್ಲಚ್ ಇಲ್ಲದೆ ಹೊರಡಿಸಲು ಸ್ಟಾರ್ಟರ್ ಮೋಟಾರಿಗೆ ಬಲ ಸಾಲುವುದಿಲ್ಲ. ಆ ಪ್ರಯತ್ನದಲ್ಲಿ ಕಾರು ಹಿಂದಕ್ಕೆ ಜಾರುವ ಭಯವೂ ಇದೆ.

ಕ್ಲಚ್ ಇಲ್ಲದಾಗ ಗೇರ್‌ಬಾಕ್ಸಿನ ಒಳಗೆ

ಈಗಿನ ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ಗೇರುಗಳೆಲ್ಲ ಸದಾ ಒಂದಕ್ಕೊಂದು ಹೆಣೆದುಕೊಂಡೇ ತಿರುಗುತ್ತಿರುತ್ತವೆ. ಕೋಲು ಆಡಿಸಿದಾಗ ಸರಿಯುವುದು ಶಾಫ್ಟನ್ನು ಸುತ್ತುವರಿದ ಒಂದು ತೋಳು (ಸ್ಲೀವ್). ಆ ತೋಳಿನ ಹಲ್ಲುಗಳು ಗೇರಿನ ಪಕ್ಕದಲ್ಲಿರುವ ಸಣ್ಣ ಹಲ್ಲುಗಳನ್ನು ಹಿಡಿದಾಗ ಗೇರು ಬಿತ್ತು ಎನ್ನುತ್ತೇವೆ. ಹಿಡಿಯಬೇಕಾದರೆ ಎರಡರ ವೇಗವೂ ಒಂದಾಗಬೇಕು. ಆ ವೇಗವನ್ನು ಒಂದು ಮಾಡುವುದು ನಡುವೆ ಇರುವ ಹಿತ್ತಾಳೆಯ ಉಂಗುರ, ಸಿಂಕ್ರೋ ರಿಂಗ್. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ 1928ರಲ್ಲಿ ಬಂದ ಸಿಂಕ್ರೋಮೆಶ್ ವ್ಯವಸ್ಥೆ ಡಬಲ್ ಕ್ಲಚ್ ಹಾಕುವ ಕಷ್ಟದಿಂದ ಚಾಲಕರನ್ನು ಬಿಡಿಸಿತು.

ಕ್ಲಚ್ ಒತ್ತಿದ್ದಾಗ ಆ ಉಂಗುರ ತಡೆದು ಅಥವಾ ಎಳೆದು ಸರಿದೂಗಿಸಬೇಕಾದದ್ದು ಎಂಜಿನ್ನಿನ ಕಡೆಯಿಂದ ಬರುವ ಇನ್‌ಪುಟ್ ಶಾಫ್ಟ್, ಅದರ ಗೇರುಗಳು ಮತ್ತು ಕ್ಲಚ್ ಪ್ಲೇಟಿನ ಭಾರವನ್ನಷ್ಟೇ. ಒತ್ತದೇ ಇದ್ದರೆ ಫ್ಲೈವೀಲ್, ಕ್ರ್ಯಾಂಕ್‌ಶಾಫ್ಟ್, ಪಿಸ್ಟನ್ನುಗಳ ಸಮೇತ ಇಡೀ ಎಂಜಿನ್ ಆ ತೆಳು ಉಂಗುರದ ಮೇಲೆ ಕೂರುತ್ತದೆ. ಅದು ಉಂಗುರದ ಕೈಲಾಗುವ ಕೆಲಸವಲ್ಲ. ಆದ್ದರಿಂದ ವೇಗ ಹೊಂದಿಸುವ ಹೊಣೆ ಪೂರ್ತಿಯಾಗಿ ಚಾಲಕನ ಬಲಗಾಲಿಗೆ ಬರುತ್ತದೆ.

ಲೆಕ್ಕ ಕಷ್ಟವೇನಲ್ಲ. ಸಣ್ಣ ಕಾರುಗಳಲ್ಲಿ ಎರಡನೇ ಗೇರಿನ ಅನುಪಾತ (ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಹಾಕುವ ಸುತ್ತು) ಸುಮಾರು 1.9, ಮೂರನೆಯದು ಸುಮಾರು 1.28 ಇರುವುದು ಸಾಮಾನ್ಯ. ಎರಡನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು, ಅಂದರೆ 2,000 ಆರ್‌ಪಿಎಂನಲ್ಲಿದ್ದರೆ ಅದೇ ವೇಗದಲ್ಲಿ ಮೂರನೇ ಗೇರಿಗೆ ಬೇಕಾದದ್ದು 1,350ರ ಆಸುಪಾಸು. ಆಕ್ಸಿಲರೇಟರ್ ಬಿಟ್ಟು, ನ್ಯೂಟ್ರಲ್‌ಗೆ ತಂದು, ಎಂಜಿನ್ ಅಷ್ಟಕ್ಕೆ ಇಳಿಯುವವರೆಗೆ ಕೋಲನ್ನು ಮೂರನೇ ಗೇರಿನ ಕಡೆಗೆ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದಿದ್ದರೆ ಅದು ತಾನಾಗಿ ಒಳಗೆ ಜಾರುತ್ತದೆ. ಇಳಿಸುವಾಗ ಇದರ ತಿರುಗುಮುರುಗು. ಗಂಟೆಗೆ 25 ಕಿಲೋಮೀಟರಿನಲ್ಲಿ ಮೂರನೇ ಗೇರಿನಲ್ಲಿ 1,150 ಇದ್ದ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ 1,700ಕ್ಕೆ ಏರಿಸಿ ಎರಡಕ್ಕೆ ತರಬೇಕು. ಮೇಲಿನ ಗೇರಿಗೆ ಹೋಗುವಾಗ ಕಾದರೆ ಸಾಕು, ಕೆಳಗಿನ ಗೇರಿಗೆ ಬರುವಾಗ ಅಳೆದು ಕೊಡಬೇಕು. ಕ್ಲಚ್ ಇಲ್ಲದವರು ಎಡವುವುದು ಹೆಚ್ಚಾಗಿ ಕೆಳಗೆ ಬರುವಾಗಲೇ.

ಗೇರಿನಿಂದ ಹೊರಬರುವುದಕ್ಕೂ ಒಂದು ಸಮಯವಿದೆ. ಎಂಜಿನ್ ಕಾರನ್ನು ಎಳೆಯುತ್ತಿರುವಾಗಲೂ, ಕಾರು ಎಂಜಿನ್ನನ್ನು ನೂಕುತ್ತಿರುವಾಗಲೂ ಹಲ್ಲುಗಳು ಬಿಗಿಯಾಗಿ ಕಚ್ಚಿರುತ್ತವೆ. ಓಡುವಾಗ ಗೇರು ಹಾರಿಹೋಗದಿರಲಿ ಎಂದು ಆ ಹಲ್ಲುಗಳನ್ನು ತುಸು ಒಳಓರೆಯಾಗಿಯೇ ಕೊರೆದಿರುತ್ತಾರೆ. ಎಳೆತವೂ ನೂಕೂ ಇಲ್ಲದ ಒಂದು ಕ್ಷಣ ಎರಡರ ನಡುವೆ ಬರುತ್ತದೆ. ಆಗ ಕೋಲು ಬೆರಳಿಗೇ ಬರುತ್ತದೆ. ಬಲ ಹಾಕಬೇಕಾಯಿತು ಎಂದರೆ ಆ ಕ್ಷಣ ಇನ್ನೂ ಬಂದಿಲ್ಲ ಅಥವಾ ದಾಟಿಹೋಗಿದೆ ಎಂದೇ ಅರ್ಥ.

ಮೊದಲ ಹಂತ: ಘಾಟಿ ಇಳಿದದ್ದು

ಮಾವ ಒಂದು ಮಾತು ಹೇಳಿದರು: "ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಯಬೇಕು, ಪುಟ್ಟಿ." ಲಾರಿಯವರ ಈ ಹಳೆಯ ನಿಯಮವನ್ನು ಹಿಡಿದು ಅವರು ಮಾಡಿಕೊಂಡ ಯೋಜನೆ ಸರಳವಾಗಿತ್ತು. ಘಾಟಿ ಮುಗಿಯುವವರೆಗೆ ಎರಡನೇ ಗೇರು ಒಂದೇ, ಬದಲಿಸುವುದೇ ಬೇಡ. ನ್ಯೂಟ್ರಲ್‌ನಲ್ಲಿ ಉರುಳಿಕೊಂಡು ಹೋಗುವ ಯೋಚನೆಯನ್ನು ಇಬ್ಬರೂ ಕೂಡಲೇ ತಳ್ಳಿಹಾಕಿದರು. ಕ್ಲಚ್ ಕೆಟ್ಟವರಿಗೆ ಇಳಿಜಾರಿನಲ್ಲಿ ಮೊದಲು ಹೊಳೆಯುವ ಉಪಾಯ ಅದೇ. ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಎಂಜಿನ್ನಿನ ತಡೆ ಇಲ್ಲದೆ ಇಡೀ ಕಾರಿನ ಭಾರ ಬ್ರೇಕಿನ ಮೇಲೆ ಬಿದ್ದು, ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಂಜಿನ್ನನ್ನೂ ಆರಿಸಿದರೆ ಬೂಸ್ಟರೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ.

ಎ.ಸಿ. ನಿಲ್ಲಿಸಿದರು. ಎ.ಸಿ. ಕಂಪ್ರೆಸರ್ ಸೇರಿಕೊಂಡಾಗಲೆಲ್ಲ ಎಂಜಿನ್ನಿನ ಐಡಲ್ ವೇಗ (ಆಕ್ಸಿಲರೇಟರ್ ಒತ್ತದಾಗಿನ ವೇಗ) ಏರಿಳಿಯುತ್ತದೆ, ವೇಗ ಹೊಂದಿಸುವವರಿಗೆ ಅದು ತೊಡಕು. ಮಳೆ ಸಣ್ಣಗೆ ಹನಿಯುತ್ತಿದ್ದರೂ ಎಂಜಿನ್ನಿನ ಸದ್ದು ಕೇಳಲೆಂದು ಕಿಟಕಿ ಇಳಿಸಿದರು. ಕಾರು ನಿಂತದ್ದು ಮೂರನೇ ಗೇರಿನಲ್ಲಿ. ಎಂಜಿನ್ ಆರಿದ್ದರಿಂದ ಕೋಲು ಸುಲಭವಾಗಿ ನ್ಯೂಟ್ರಲ್‌ಗೆ ಬಂತು. ಈ ಕಾರಿನಲ್ಲಿ ಸ್ಟಾರ್ಟ್ ಮಾಡಲು ಕ್ಲಚ್ ಒತ್ತಿರಬೇಕು. ಕೇಬಲ್ ಇಲ್ಲದಿದ್ದರೇನು, ಸ್ವಿಚ್ಚು ಇರುವುದು ಪೆಡಲಿನ ಬುಡದಲ್ಲಿ. ನೆಲಕ್ಕಂಟಿದ್ದ ಪೆಡಲ್ ಆ ಸ್ವಿಚ್ಚನ್ನು ಒತ್ತಿಯೇ ಇತ್ತು, ಎಂಜಿನ್ ಹೊತ್ತಿಕೊಂಡಿತು. ಇಂಥ ಕಾರಿರುವವರಿಗೆ ಇದು ತಿಳಿದಿದ್ದರೆ ಒಳ್ಳೆಯದು. ಪೆಡಲನ್ನು ಕಾಲಿನಿಂದ ಮೇಲಕ್ಕೆತ್ತಿಬಿಟ್ಟರೆ ಸ್ಟಾರ್ಟ್ ಆಗುವುದಿಲ್ಲ, ಇನ್ನೊಂದು ದೋಷ ಬಂತೆಂದು ಗಾಬರಿಯಾಗುತ್ತದೆ.

ಮಾವ ತ್ರಿಕೋನ ತೆಗೆದುಕೊಂಡು ಬಂದು, ಹಿಂದಿನ ರಸ್ತೆ ಖಾಲಿಯಿದೆ ಎಂದು ಸನ್ನೆ ಮಾಡಿ ಹತ್ತಿದರು. ಹ್ಯಾಂಡ್‌ಬ್ರೇಕ್ ಬಿಟ್ಟೊಡನೆ ಕಾರು ಉರುಳತೊಡಗಿತು. ಮೊದಲ ಪ್ರಯತ್ನದಲ್ಲಿ ಎರಡನೇ ಗೇರು ಕರ್ರೆಂದು ಕೆರೆಯಿತು. ಕಾರಣ ಸ್ಪಷ್ಟ. ಇಂಥ ಕಾರಿನಲ್ಲಿ ಎರಡನೇ ಗೇರಿಗೆ ಐಡಲ್ ವೇಗದ 800 ಆರ್‌ಪಿಎಂ ಹೊಂದುವುದು ಗಂಟೆಗೆ ಸುಮಾರು 12 ಕಿಲೋಮೀಟರಿನಲ್ಲಿ. ಅವರು ಕೋಲು ಒತ್ತುವ ಹೊತ್ತಿಗೆ ಕಾರು 20 ದಾಟಿತ್ತು, ಅಲ್ಲಿಗೆ 1,400ರ ಹತ್ತಿರ ಬೇಕು. ಚಾಲಕಿ ಹಟಕ್ಕೆ ಬೀಳಲಿಲ್ಲ. ಕೋಲನ್ನು ಹಿಂದಕ್ಕೆ ತಂದು, ಬ್ರೇಕ್ ಹಾಕಿ ವೇಗ ತಗ್ಗಿಸಿ, ಹನ್ನೆರಡರ ಸುಮಾರಿಗೆ ಮತ್ತೆ ಒತ್ತಿದರು. ಗೇರು ಸದ್ದಿಲ್ಲದೆ ಬಿತ್ತು. ಈ ಪ್ರಕರಣದ ಮೊದಲ ತಿರುವು ಇದು ಎಂದು ನನ್ನ ಎಣಿಕೆ. ಎಂಜಿನ್ನನ್ನು ಕಾರಿನ ವೇಗಕ್ಕೆ ಏರಿಸುವುದು ಅನುಭವಿಯ ದಾರಿ. ಕಾರನ್ನು ಎಂಜಿನ್ನಿನ ವೇಗಕ್ಕೆ ಇಳಿಸುವುದು ಮೊದಲ ಬಾರಿ ಮಾಡುವವರ ದಾರಿ. ಅವರು ಎರಡನೆಯದನ್ನು ಆರಿಸಿಕೊಂಡರು.

ಅಲ್ಲಿಂದ ಕೆಳಗೆ ಹೆಚ್ಚು ಹೇಳುವಂಥದ್ದು ಏನೂ ನಡೆಯಲಿಲ್ಲ. ಹದಿನೈದರಿಂದ ಮೂವತ್ತರ ನಡುವಿನ ವೇಗ, ಎಂಜಿನ್ನಿನ ತಡೆ, ಆಗಾಗ ಬ್ರೇಕ್. ಮುಂದಿನ ವಾಹನದಿಂದ ಬಹಳ ಅಂತರ ಬಿಟ್ಟುಕೊಂಡರು. ಹಿಂದಿನವರು ಹಾರ್ನ್ ಹೊಡೆದರೂ ಅವಸರ ಮಾಡಲಿಲ್ಲ, ಅಗಲ ಸಿಕ್ಕಲ್ಲಿ ಎಡಕ್ಕೆ ಸರಿದು ದಾರಿ ಬಿಟ್ಟರು. ಕೆಂಪುಹೊಳೆಯ ಪಕ್ಕದ ರಸ್ತೆಯಲ್ಲಿ ಗುಂಡ್ಯ ತಲುಪಿದಾಗ ಒಂದು ಹೋಟೆಲಿನ ಮುಂದಿನ ಅಂಗಳಕ್ಕೆ ತಿರುಗಿ, ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ ಹಲ್ಲುಗಳ ಬಿಗಿ ಸಡಿಲಿಸಿ, ಬೆರಳಿನಿಂದ ನ್ಯೂಟ್ರಲ್‌ಗೆ ಎಳೆದು ಬ್ರೇಕ್ ಹಾಕಿ ನಿಲ್ಲಿಸಿದರು. ಘಾಟಿಯುದ್ದಕ್ಕೂ ಗೇರು ಬಿದ್ದದ್ದು ಒಂದು ಸಲ, ಹೊರಬಂದದ್ದು ಒಂದು ಸಲ. ಕಾರು ಇಲ್ಲಿಗೇ ನಿಂತಿದ್ದರೆ ಒಂದು ಕೇಬಲ್ಲಿನಲ್ಲಿ ಕೆಲಸ ಮುಗಿಯುತ್ತಿತ್ತು. ಅದರ ಬೆಲೆ ಕೆಲವು ನೂರು ರೂಪಾಯಿ.

ಗುಂಡ್ಯದ ಅಂಗಳದಲ್ಲಿ

ಅಲ್ಲಿ ಸಿಗ್ನಲ್ ಸಿಕ್ಕಿತು. ವಿಮೆಯ ಜೊತೆಗಿದ್ದ ರಸ್ತೆ ನೆರವಿನ ಸಂಖ್ಯೆಗೆ ಕರೆ ಮಾಡಿದಾಗ ಎಳೆದೊಯ್ಯುವ ವಾಹನ ಬರಲು ಎರಡು ಗಂಟೆಯಾದರೂ ಬೇಕೆಂದರು. ಮಂಗಳೂರು ಇನ್ನೂ ಎಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ. ತಪಾಸಣೆಯ ಸಮಯ ಮೀರುತ್ತಿತ್ತು.

ಚಾಲಕಿ ಬೇರೆ ಟ್ಯಾಕ್ಸಿ ಹಿಡಿಯೋಣ ಎಂದರು. ಮಾವ ಒಪ್ಪಲಿಲ್ಲ. "ಘಟ್ಟವನ್ನೇ ಇಳಿಸಿದವರಿಗೆ ಬಯಲು ಯಾವ ಲೆಕ್ಕ? ಇನ್ನು ನಾನು ಓಡಿಸುತ್ತೇನೆ, ನೀನು ಸುಮ್ಮನೆ ಕೂತುಕೋ" ಎಂದರು. ತಾಯಿಯೂ ತಮ್ಮನ ಮಾತಿಗೆ ದನಿಗೂಡಿಸಿದರು. ಹಿರಿಯರಿಬ್ಬರೂ ಹೇಳಿದ ಮೇಲೆ ಚಾಲಕಿ ಕೀಲಿ ಕೊಟ್ಟರು.

ಈ ಮಾತನ್ನು ನಾನು ಬಹಳ ಹೊತ್ತು ಯೋಚಿಸಿದ್ದೇನೆ, ಏಕೆಂದರೆ ಕೇಳಲು ಅದು ಸರಿಯೆನಿಸುತ್ತದೆ. ಘಾಟಿ ಕಷ್ಟ, ಬಯಲು ಸುಲಭ ಎನ್ನುವುದು ಕ್ಲಚ್ ಇರುವ ಕಾರಿನ ಲೆಕ್ಕ. ಕ್ಲಚ್ ಇಲ್ಲದ ಕಾರಿಗೆ ಘಾಟಿಯ ಇಳಿಜಾರು ಹೊರಡಿಸಲು ನೆರವಾಗುತ್ತದೆ, ಒಂದೇ ಗೇರಿನಲ್ಲಿ ಸಾಗಲು ಬಿಡುತ್ತದೆ, ನಡುವೆ ಪೇಟೆಯಿಲ್ಲ, ಅಡ್ಡರಸ್ತೆಯಿಲ್ಲ. ಬಯಲಿನಲ್ಲಿ ಅದು ಯಾವುದೂ ಸಿಗುವುದಿಲ್ಲ. ಅದರ ಮೇಲೆ, ಅಡ್ಡಹೊಳೆಯಿಂದ ಬಿ.ಸಿ. ರೋಡಿನವರೆಗೆ ಆಗ ಚತುಷ್ಪಥದ ಕಾಮಗಾರಿ ನಡೆಯುತ್ತಿತ್ತು. ಬದಲಿ ದಾರಿಗಳು, ಒಂದು ಕಡೆಯ ವಾಹನಗಳನ್ನು ತಡೆದು ಇನ್ನೊಂದು ಕಡೆಯವನ್ನು ಬಿಡುವ ಜಾಗಗಳು, ಕೆಸರು. ಮಾವನಿಗೂ ಇದು ಗೊತ್ತಿತ್ತು. ಆದರೆ ಅದನ್ನು ಅವರು ತಡವಾಗುವ ವಿಷಯವೆಂದಷ್ಟೇ ಎಣಿಸಿದ್ದರು.

ಆಸ್ಪತ್ರೆಗೆ ಒಂದು ಕರೆ ಮಾಡುವುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಸಂಜೆ ಕೊನೆಗೂ ಕರೆ ಮಾಡಿದಾಗ ಮರುದಿನ ಬೆಳಗ್ಗೆ ಬನ್ನಿ, ತೊಂದರೆಯಿಲ್ಲ ಎಂದರಂತೆ.

ಎರಡನೇ ಹಂತ

ಸಮತಟ್ಟಾದ ಅಂಗಳದಿಂದ ಹೊರಡಬೇಕಾದರೆ ದಾರಿ ಒಂದೇ. ಎಂಜಿನ್ ಆರಿಸಿ, ಮೊದಲ ಗೇರು ಹಾಕಿ, ಹಾಗೆಯೇ ಸ್ಟಾರ್ಟರ್ ತಿರುಗಿಸುವುದು. ಸ್ಟಾರ್ಟರ್ ಮೋಟಾರು ಎಂಜಿನ್ನನ್ನೂ ಮೂವರನ್ನು ಹೊತ್ತ ಕಾರನ್ನೂ ಒಟ್ಟಿಗೆ ನೂಕುತ್ತದೆ. ಕಾರು ಎಗರಿ ಎಗರಿ ಮುಂದೆ ಹೋಗಿ ಎಂಜಿನ್ ಹಿಡಿದುಕೊಳ್ಳುತ್ತದೆ. ಒಂದೆರಡು ಬಾರಿಗೆ ಇದು ನಡೆಯುತ್ತದೆ. ಮಾವ ಅದನ್ನು ಅಚ್ಚುಕಟ್ಟಾಗಿಯೇ ಮಾಡಿದರು. ಮೊದಲಿನಿಂದ ಎರಡು, ಎರಡರಿಂದ ಮೂರು, ಮೂರರಿಂದ ನಾಲ್ಕು ಎಲ್ಲವೂ ಬೆಣ್ಣೆಯಲ್ಲಿ ಕತ್ತಿ ಇಳಿದಂತೆ ಬಿದ್ದವು ಎಂದು ಚಾಲಕಿ ಈಗಲೂ ಮೆಚ್ಚಿ ಹೇಳುತ್ತಾರೆ. ಕೆಲವು ಕಿಲೋಮೀಟರ್ ಎಲ್ಲ ಸುಗಮ.

ನೆಲ್ಯಾಡಿಯ ಸಮೀಪ ವಾಹನಗಳ ಸಾಲು ನಿಂತಿತ್ತು. ಸಾಲು ಕದಲಿದಾಗಲೆಲ್ಲ ಎಂಜಿನ್ ಆರಿಸು, ಮೊದಲ ಗೇರು ಹಾಕು, ಸ್ಟಾರ್ಟರ್ ತಿರುಗಿಸು, ಹತ್ತು ಮಾರು ಹೋಗು, ನ್ಯೂಟ್ರಲ್, ಬ್ರೇಕ್. ಬ್ಯಾಟರಿ ಸೋಲತೊಡಗಿತು, ಸ್ಟಾರ್ಟರಿನ ಸದ್ದು ಎಳೆದೆಳೆದು ಬರತೊಡಗಿತು. ಈ ನಡುವೆ ಮಳೆ ಜೋರಾಗಿ ಕಿಟಕಿ ಏರಿಸಿದರು. ಗಾಜು ಮಂಜಾಗುತ್ತದೆಂದು ಎ.ಸಿ. ಹಾಕಿದರು. ನನ್ನ ಲೆಕ್ಕದಲ್ಲಿ ಗೇರ್‌ಬಾಕ್ಸಿನ ಹಣೆಬರಹ ಬದಲಾದದ್ದು ಇಲ್ಲಿ. ಮಾವ ಗೇರು ಹಾಕುತ್ತಿದ್ದದ್ದು ಕಿವಿಯಿಂದ. ಡ್ಯಾಶ್‌ಬೋರ್ಡಿನಲ್ಲಿ ಆರ್‌ಪಿಎಂ ಮುಳ್ಳು ಇದ್ದರೂ ಅವರು ಅದನ್ನು ನೋಡಿದವರಲ್ಲ, ಅವರಿಗೆ ಅದು ಎಂದೂ ಬೇಕಾಗಿರಲಿಲ್ಲ. ಮುಚ್ಚಿದ ಕಿಟಕಿ, ತಗಡಿನ ಮೇಲೆ ಮಳೆ, ಮೊದಲೇ ಮೆತ್ತಗಿನ ಪೆಟ್ರೋಲ್ ಎಂಜಿನ್, ಏರಿಳಿಯುವ ಐಡಲ್. ಅವರ ಕಿವಿಯ ಆಧಾರವೇ ತಪ್ಪಿತು.

ಕಿವಿ ತಪ್ಪಿದಲ್ಲಿ ಕೈ ಮುಂದೆ ಬಂತು. ಬದಲಿ ದಾರಿಯ ಸಣ್ಣ ಏರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಲು ಹೋದಾಗ ಗೇರು ಕೆರೆಯಿತು. ಅವರು ಬಿಡದೆ ಒತ್ತಿದರು. ಹಳೆಯ ಲಾರಿಯ ಉದ್ದನೆಯ ಕೋಲು, ದಪ್ಪ ಹಲ್ಲು ಆ ಒತ್ತಡವನ್ನು ತಾಳುತ್ತಿದ್ದವು. ಇಲ್ಲಿ ಹಲ್ಲಿಗಿಂತ ಮೊದಲು ಎದುರಾಗುವುದು ಹಿತ್ತಾಳೆಯ ಉಂಗುರ. ಇನ್ನೊಂದು ವ್ಯತ್ಯಾಸವನ್ನೂ ಇಲ್ಲಿ ಹೇಳಬೇಕು. ಡಬಲ್ ಕ್ಲಚ್ ಹಾಕುವಾಗ ಕೊನೆಯ ಕ್ಷಣದಲ್ಲಿ ಕ್ಲಚ್ ಒತ್ತಿರುತ್ತದೆ, ವೇಗದಲ್ಲಿ ತುಸು ತಪ್ಪಿದರೂ ಗೇರು ನುಂಗಿಕೊಳ್ಳುತ್ತದೆ. ಕ್ಲಚ್ಚೇ ಇಲ್ಲದಾಗ ಆ ಕ್ಷಮೆ ಇಲ್ಲ. ಮಾವನ ಅನುಭವ ದೊಡ್ಡದು, ಆದರೆ ಅದು ಒಂದು ಮೆಟ್ಟಿಲು ಈಚೆಗೇ ನಿಲ್ಲುವ ಅನುಭವ.

ಏರು ಮುಗಿದ ಮೇಲೆ ಎದುರಿನಿಂದ ಒಂದು ಲಾರಿ ಬಂತು. ದಾರಿ ಇಕ್ಕಟ್ಟು, ಕಾರು ಸ್ವಲ್ಪ ಹಿಂದೆ ಸರಿಯಬೇಕು. ಮಾವ ಎಂಜಿನ್ ಓಡುತ್ತಿರುವಾಗಲೇ ರಿವರ್ಸ್ ಹಾಕಲು ನೋಡಿದರು. ಬಹಳಷ್ಟು ಸಣ್ಣ ಕಾರುಗಳ ರಿವರ್ಸ್ ಗೇರಿಗೆ ಸಿಂಕ್ರೋ ಉಂಗುರವೇ ಇರುವುದಿಲ್ಲ. ಒಂದು ಸಣ್ಣ ಗೇರು ಸರಿದು ಬಂದು ನಿಂತಿರುವ ಇನ್ನೆರಡರ ನಡುವೆ ಕೂರಬೇಕು. ಎಂಜಿನ್ ಓಡುತ್ತಿದ್ದರೆ, ಕ್ಲಚ್ ಇಲ್ಲದಿದ್ದರೆ, ಅವುಗಳಲ್ಲಿ ಒಂದು ತಿರುಗುತ್ತಲೇ ಇರುತ್ತದೆ. ಹಾಗಾಗಿ ಅದು ಬೀಳುವುದಿಲ್ಲ, ಎಷ್ಟು ಒತ್ತಿದರೂ ಸವೆಯುವುದಷ್ಟೆ. ಕರ್ರೆಂದ ಸದ್ದು ಹೊರಗಿನ ಕೆಲಸಗಾರರೂ ತಿರುಗಿ ನೋಡುವಂತಿತ್ತು. ಮಾವ ಮತ್ತೊಮ್ಮೆ ಒತ್ತಿದರು.

ಆಗ ಚಾಲಕಿ ಕೈ ಚಾಚಿ ಎಂಜಿನ್ ಆರಿಸಿದರು. "ಮಾವ, ಇಲ್ಲಿಗೆ ಸಾಕು" ಎಂದರು. ಮಾವ ಏನೋ ಹೇಳಲು ಬಾಯಿ ತೆರೆದವರು ಹೇಳಲಿಲ್ಲ. ಚಾಲಕಿ ಇಳಿದು ಕಾಮಗಾರಿಯವರನ್ನು ಕರೆದರು. ನಾಲ್ಕೈದು ಮಂದಿ ಸೇರಿ ಕಾರನ್ನು ನ್ಯೂಟ್ರಲ್‌ನಲ್ಲಿ ಪಕ್ಕದ ಜಲ್ಲಿ ರಾಶಿಯ ಹತ್ತಿರಕ್ಕೆ ತಳ್ಳಿದರು. ಲಾರಿ ದಾಟಿಹೋಯಿತು. ತಾಯಿಯನ್ನು ಆಟೋದಲ್ಲಿ ನೆಲ್ಯಾಡಿಯ ಪರಿಚಿತರ ಮನೆಗೆ ಕಳುಹಿಸಿ, ಮತ್ತೆ ನೆರವಿನ ಸಂಖ್ಯೆಗೆ ಕರೆ ಮಾಡಿದರು. ಆ ಜಗಳವಿಲ್ಲದ ನಾಲ್ಕು ಮಾತು ಇನ್ನಷ್ಟು ನಷ್ಟವನ್ನು ತಡೆಯಿತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಹಿರಿಯರ ಕೈಯಿಂದ ಕಾರು ಬಿಡಿಸಿಕೊಳ್ಳುವುದು ಗೇರು ಹೊಂದಿಸುವುದಕ್ಕಿಂತ ಕಷ್ಟದ ಕೆಲಸ. ಅವರು ಅದನ್ನು ಗುಂಡ್ಯದಲ್ಲಿ ಮಾಡಲಾರದೆ ಹೋದರು, ಇಲ್ಲಿ ಮಾಡಿದರು.

ಬಿಚ್ಚಿದಾಗ ಕಂಡದ್ದು

ಗೇರ್‌ಬಾಕ್ಸಿನಿಂದ ಇಳಿಸಿದ ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ ಹೊಳೆಯುತ್ತಿತ್ತು. ಎರಡನೇ ಗೇರಿನ ಸಿಂಕ್ರೋ ಉಂಗುರದ ಒಳಗಿನ ಸಣ್ಣ ಗೀರುಗಳು ಅಳಿಸಿಹೋಗಿದ್ದವು, ಅದರ ಹೊರಹಲ್ಲುಗಳು ದುಂಡಗಾಗಿದ್ದವು. ಆ ಗೇರಿನ ಪಕ್ಕದ ಹಲ್ಲುಗಳಲ್ಲಿ ಕೆಲವು ಚಕ್ಕೆಯೆದ್ದಿದ್ದವು. ರಿವರ್ಸಿನ ಸರಿಯುವ ಗೇರಿನ ಅಂಚು ತಿಂದುಹೋಗಿತ್ತು. ಮೂರು ಮತ್ತು ನಾಲ್ಕನೇ ಗೇರುಗಳ ಉಂಗುರಗಳಿಗೆ ಏನೂ ಆಗಿರಲಿಲ್ಲ. ಮಾವ ಮೇಲಕ್ಕೆ ಹಾಕಿದ ಗೇರುಗಳೆಲ್ಲ ನಿಜಕ್ಕೂ ಚೆನ್ನಾಗಿಯೇ ಬಿದ್ದಿದ್ದವು ಎಂಬುದಕ್ಕೆ ಅದೇ ಸಾಕ್ಷಿ.

ಘಾಟಿಯ ಮೊದಲ ಪ್ರಯತ್ನದ ಆ ಒಂದು ಕೆರೆತ ಎಷ್ಟು ಹಾನಿ ಮಾಡಿರಬಹುದು ಎಂದು ಚಾಲಕಿ ಕೇಳಿದರು. ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಆದರೆ ಒಂದು ಬಾರಿ ಕೆರೆದು ತಕ್ಷಣ ಬಿಟ್ಟದ್ದಕ್ಕೆ ಹಲ್ಲು ಚಕ್ಕೆಯೇಳುವುದಿಲ್ಲ. ಚಕ್ಕೆಯೇಳುವುದು ಕೆರೆಯುತ್ತಿರುವಾಗಲೂ ಒತ್ತಿ ಹಿಡಿದಾಗ.

ದುರಸ್ತಿಯ ಖರ್ಚು ಕೇಬಲ್ಲಿನ ಬೆಲೆಯ ಹಲವು ಪಟ್ಟಾಯಿತು. ವಿಮೆಯಿಂದ ಸಿಗಲಿಲ್ಲ. ಸಾಮಾನ್ಯ ವಾಹನ ವಿಮೆಯಲ್ಲಿ ಯಾಂತ್ರಿಕ ದೋಷ, ಸವೆತ, ಅದರಿಂದ ಮುಂದೆ ಆದ ನಷ್ಟ ಇವು ಸೇರುವುದಿಲ್ಲ. ಎಳೆದು ತಂದ ವೆಚ್ಚ ಮಾತ್ರ ನೆರವಿನ ಯೋಜನೆಯಲ್ಲಿ ಹೋಯಿತು. ಹೆದ್ದಾರಿಯಲ್ಲಿ ಸಿಕ್ಕಿಬಿದ್ದವರಿಗಾಗಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ 1033 ಎಂಬ ಸಂಖ್ಯೆ ಇದೆ. ಅಂದು ಅದು ಕಾರಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಇತರರಿಗೆ ಇದರಿಂದ

ನನ್ನ ಗಿರಾಕಿಗಳಿಗೆ ಈ ಪ್ರಕರಣವನ್ನು ವಿವರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ನೀವು ತಲುಪಬೇಕಾದ ಜಾಗಕ್ಕೆ ಹೋಗುವ ದಾರಿಯಲ್ಲಿ ಎಷ್ಟು ಸಲ ನಿಲ್ಲಬೇಕಾದೀತು? ಕ್ಲಚ್ ಇಲ್ಲದ ಕಾರಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು, ನಿಲುಗಡೆಗಳಲ್ಲಿ ಅಳೆಯಬೇಕು. ಅಪಾಯದ ಜಾಗದಿಂದ ಸುರಕ್ಷಿತ ಜಾಗಕ್ಕೆ ಒಂದು ನಿಲುಗಡೆ. ಅದಕ್ಕಾಗಿ ಓಡಿಸಬಹುದು. ಎರಡನೆಯ ನಿಲುಗಡೆ ಏಕೆ ಬೇಕು ಎಂಬುದಕ್ಕೆ ಬಲವಾದ ಕಾರಣವಿಲ್ಲದಿದ್ದರೆ ಅಲ್ಲೇ ಕಾಯುವುದು ಮೇಲು.

ಕೇಬಲ್ಲಿನ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇರುವ ಕಾರುಗಳಲ್ಲಿ ಪೆಡಲ್ ಕೆಳಗೆ ಹೋದರೆ ಮೊದಲು ದ್ರವದ ಮಟ್ಟ ನೋಡಬೇಕು. ಸೋರಿಕೆ ಸಣ್ಣದಿದ್ದರೆ ಪೆಡಲನ್ನು ಬೇಗಬೇಗ ಕೆಲವು ಸಲ ಒತ್ತಿದಾಗ ಒಂದೆರಡು ಬಾರಿಗೆ ಸಾಕಾಗುವಷ್ಟು ಒತ್ತಡ ಬರುವುದುಂಟು. ಅದನ್ನು ಗೇರು ಬದಲಿಸಲು ಖರ್ಚು ಮಾಡದೆ ನಿಂತ ಕಾರನ್ನು ಹೊರಡಿಸಲು ಉಳಿಸಿಕೊಳ್ಳಬೇಕು. ಕ್ಲಚ್ ಪೆಡಲೇ ಇಲ್ಲದ, ಗೇರನ್ನು ತಾನೇ ಬದಲಿಸುವ ಎ.ಎಂ.ಟಿ. ಕಾರುಗಳಿಗೆ ಈ ಬರಹದ ಯಾವ ಉಪಾಯವೂ ಅನ್ವಯಿಸುವುದಿಲ್ಲ. ಅಲ್ಲಿ ಕ್ಲಚ್ಚನ್ನು ಆಡಿಸುವುದು ಯಂತ್ರ, ಅದು ಕೆಟ್ಟರೆ ಎಳೆದೊಯ್ಯುವುದೇ ದಾರಿ.

ಕಾರು ಒಯ್ಯಲು ಬಂದ ದಿನ ಮಾವನೂ ಬಂದಿದ್ದರು. ಸವೆದ ಉಂಗುರವನ್ನು ಹೊಸದರ ಪಕ್ಕದಲ್ಲಿಟ್ಟು ತೋರಿಸಿದಾಗ ಅವರು ಎರಡನ್ನೂ ಬೆರಳಿನಲ್ಲಿ ತಿರುಗಿಸಿ ನೋಡಿ, "ಇಷ್ಟು ತೆಳುವೇ? ಇದು ಒಳಗಿದೆ ಎಂಬುದನ್ನು ನನ್ನ ಕೈ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ" ಎಂದರು. ಚಾಲಕಿ ಕೇಳಿದ್ದು ಬೇರೆ. ಇಂಥ ಹೊತ್ತಿಗೆಂದು ಇದನ್ನೆಲ್ಲ ಅಭ್ಯಾಸ ಮಾಡಿಟ್ಟುಕೊಳ್ಳಬೇಕೇ? ನಾನು ಕೊಟ್ಟ ಉತ್ತರ ಇದು. ಗೇರಿನಲ್ಲಿಟ್ಟು ಸ್ಟಾರ್ಟರ್ ತಿರುಗಿಸುವುದನ್ನೂ ಕ್ಲಚ್ ಇಲ್ಲದೆ ಕೆಳಗಿನ ಗೇರಿಗೆ ಇಳಿಸುವುದನ್ನೂ ಅಭ್ಯಾಸಕ್ಕೆಂದು ಮಾಡಬೇಡಿ, ಕಲಿಯುವಷ್ಟರಲ್ಲಿ ಕಾರು ಸವೆಯುತ್ತದೆ. ಗೇರಿನಿಂದ ನ್ಯೂಟ್ರಲ್‌ಗೆ ಬರುವುದನ್ನು ಮಾತ್ರ ಖಾಲಿಯಾದ ಸಮತಟ್ಟು ರಸ್ತೆಯಲ್ಲಿ ಮಾಡಿ ನೋಡಿ. ಮೂರನೇ ಗೇರಿನಲ್ಲಿ ಮೆಲ್ಲಗೆ ಹೋಗುತ್ತ, ಆಕ್ಸಿಲರೇಟರನ್ನು ನಿಧಾನವಾಗಿ ಸಡಿಲಿಸುತ್ತ, ಕೋಲಿಗೆ ಎರಡು ಬೆರಳು ತಾಗಿಸಿಡಿ. ಬಿಗಿ ಹೋದ ಕ್ಷಣದಲ್ಲಿ ಅದು ತಾನೇ ಹೊರಗೆ ಬರುತ್ತದೆ. ಹಾನಿಯಿಲ್ಲ. ಆಮೇಲೆ ಕ್ಲಚ್ ಒತ್ತಿ ಎಂದಿನಂತೆ ಗೇರು ಹಾಕಿಕೊಳ್ಳಿ. ಜೊತೆಗೆ, ಪೆಡಲ್ ಮತ್ತೆ ಗಡುಸಾದ ದಿನ ಮುಂದಿನ ಸರ್ವೀಸಿಗೆ ಕಾಯದೆ ಅಂದೇ ಕಾರು ತನ್ನಿ ಎಂದೆ.